ಮಿಸ್ಟರ್ ಬೀನ್ ಲೈನ್ ಮನೆವರೆಗೂ ಬಂದ, ಝಾಝು ಮಾತ್ರ ಬರ್ಲಿಲ್ಲ

ಹೋದ ವರ್ಷ ಕಕ್ಕಡದ, ಅಂದ್ರೆ ಆಟಿ ತಿಂಗಳ, ಮಳೆ ಹಿಡ್ಕೊಂಡು, ಲೈನ್ ಮೇಲೆ ಮರ ಬಿದ್ದು, ಕರೆಂಟ್ ಹೋಗಿ ಮೂರನೇ ದಿನ. ಡಿಸಿ ಶಾಲೆಗೆ ರಜೆ ಬೇರೆ ಕೊಟ್ಟಿದ್ರು. ನಮ್ಮ ತೋಟದ ಕೆಲಸದವ್ರ ಲೈನ್ ಮನೆ ಜಗಲೀಲಿ ಐದಾರು ಮಕ್ಳು ಒಂದೇ ಮೊಬೈಲಿಗೆ ತಲೆ ಕೊಟ್ಟು ಕೂತಿದ್ವು, ಆ ಮೊಬೈಲಿಗೂ ಜೀವ ಬಂದಿದ್ದು ಜೀಪಿನ ಬ್ಯಾಟರಿಯಿಂದ. ಇಬ್ರು ಅಸ್ಸಾಮಿಂದ ಕೆಲಸಕ್ಕೆ ಬಂದವ್ರ ಮಕ್ಳು, ಒಬ್ಳು ಯರವರ ಹುಡುಗಿ, ಒಬ್ಬ ಮನೇಲಿ ಮಲಯಾಳಂ ಮಾತಾಡೋ ಡ್ರೈವರಣ್ಣನ ಮಗ, ಮತ್ತೆ ನಮ್ಮಕ್ಕನ ಮಗ, ಅವ್ನು ಮಡಿಕೇರೀಲಿ ಇಂಗ್ಲಿಷ್ ಮೀಡಿಯಂ. ಅಷ್ಟೂ ಜನಕ್ಕೆ ಒಟ್ಟಿಗೆ ಚೆನ್ನಾಗಿ ಬರೋ ಭಾಷೆ ಅಂತ ಒಂದಿಲ್ಲ, ಆದ್ರೂ ಎಲ್ಲ ಒಂದೇ ಗಳಿಗೆಗೆ ಹೊಟ್ಟೆ ಹಿಡ್ಕೊಂಡು ನಗ್ತಿದ್ವು. ಬಗ್ಗಿ ನೋಡಿದ್ರೆ ಮಿಸ್ಟರ್ ಬೀನ್, ತಲೇನ ಟರ್ಕಿ ಕೋಳಿ ಒಳಗೆ ಸಿಕ್ಕಿಸ್ಕೊಂಡು ಮನೆಯೆಲ್ಲಾ ಓಡಾಡ್ತಿದ್ದಾನೆ.

ಕರೆಂಟ್ ಬಂದ ಮೇಲೆ ಒಂದಿನ ನಮ್ಮಕ್ಕನ ಮಗ ಟಿವೀಲಿ ಲಯನ್ ಕಿಂಗ್ ಹಾಕ್ದ, ಹಳೇದು, 1994ರದ್ದು. ಅಜ್ಜಿ ಕಾಫಿ ಲೋಟ ಹಿಡ್ಕೊಂಡು ಬಂದು ಕೂತ್ರು. ಅದ್ರಲ್ಲಿ ರಾಜನ ಪಕ್ಕ ಒಂದು ಹಕ್ಕಿ ಇರತ್ತಲ್ಲ, ಝಾಝು ಅಂತ, ಅದು ನಮ್ಮ ಮಂಗಟ್ಟೆ (ಹಾರ್ನ್‌ಬಿಲ್) ಜಾತಿದೇ, ಆಫ್ರಿಕಾದ್ದು ಅಷ್ಟೆ. ಅಜ್ಜಿಗೆ ಗುರುತು ಸಿಕ್ತು. "ಆ ಮಂಗಟ್ಟೆ ಎಂತ ಹೇಳ್ತದೆ ಮಗ?" ಅಂದ್ರು. ನಾನು ಹೇಳೋಕೆ ಹೋದೆ. ಹೇಳಿ ಮುಗಿಸೋ ಹೊತ್ತಿಗೆ ಆ ಹಕ್ಕಿ ಇನ್ನೂ ನಾಲ್ಕು ಮಾತಾಡಿತ್ತು, ಜೋಕು ಸತ್ತೇ ಹೋಗಿತ್ತು, ಅಜ್ಜಿ ಪಾಪ ಮರ್ಯಾದೆಗೆ ಅಂತ ಒಂದು "ಹ್ಞೂಂ" ಅಂದು ಎದ್ದು ಹೋದ್ರು.

ತಮಾಷೆ ಏನಂದ್ರೆ ಇವೆರಡೂ ಒಬ್ಬನೇ ಮನುಷ್ಯ. ಟರ್ಕಿ ಒಳಗೆ ತಲೆ ಇಟ್ಟೋನೂ ರೋವನ್ ಅಟ್ಕಿನ್ಸನ್, ಝಾಝುಗೆ ದನಿ ಕೊಟ್ಟೋನೂ ರೋವನ್ ಅಟ್ಕಿನ್ಸನ್. ಬಾಯಿ ಮುಚ್ಕೊಂಡಿದ್ದಾಗ ಲೈನ್ ಮನೆ ಜಗಲಿವರೆಗೂ ನಡ್ಕೊಂಡು ಬಂದೋನು, ಬಾಯಿ ಬಿಟ್ಟ ತಕ್ಷಣ ನಮ್ಮಜ್ಜಿ ಹತ್ರಕ್ಕೂ ಬರೋಕಾಗ್ಲಿಲ್ಲ. ಅವತ್ತಿಂದ ಇದು ನನ್ನ ತಲೇಲಿ ಕೊರೀತಾ ಇದೆ, ಯಾಕಂದ್ರೆ ಇದು ಒಬ್ಬ ಬ್ರಿಟಿಷ್ ಕಾಮಿಡಿಯನ್ ಕಥೆ ಮಾತ್ರ ಅಲ್ಲ, ನಮ್ಮ ಕನ್ನಡದ ಹಾಸ್ಯ ನಟರಿಗೆ ಸಿಗಬೇಕಾಗಿದ್ದ ಒಂದಿಡೀ ಎರಡನೇ ಕೆರಿಯರ್ ಸಿಗದೇ ಹೋದ ಕಥೇನೂ ಹೌದು. ಈಗ ಎಐ ಬಂದು ದನೀನೇ ಕಾಪಿ ಹೊಡಿಯೋ ಕಾಲದಲ್ಲಿ ಈ ಲೆಕ್ಕ ಇನ್ನೂ ಜೋರಾಗಿದೆ.

ಮೊದ್ಲು ಅಟ್ಕಿನ್ಸನ್ ವಿಷಯ ಸ್ವಲ್ಪ ಹೇಳ್ತೀನಿ. 1955ರಲ್ಲಿ ಹುಟ್ಟಿದ್ದು, ಓದಿದ್ದು ಎಲೆಕ್ಟ್ರಿಕಲ್ ಇಂಜಿನಿಯರಿಂಗ್, ಅದೂ ಆಕ್ಸ್‌ಫರ್ಡ್‌ನಲ್ಲಿ ಮಾಸ್ಟರ್ಸ್. ಚಿಕ್ಕಂದಿನಿಂದ ಉಗ್ಗು. ಬ ಅಕ್ಷರ ಬಂದ್ರೆ ನಾಲಿಗೆ ಸಿಕ್ಕಾಕ್ಕೊಳ್ತಿತ್ತು, ಅದನ್ನ ದಾಟೋಕೆ ಆತ ಆ ಅಕ್ಷರನ ಒತ್ತಿ, ಉಬ್ಬಿಸಿ, ಬೇಕಂತಲೇ ದೊಡ್ಡದು ಮಾಡಿ ಹೇಳೋದು ಕಲ್ತ. ಆಮೇಲೆ ಅದೇ ಅವನ ಕಾಮಿಡಿಯ ಟ್ರೇಡ್‌ಮಾರ್ಕ್ ಆಯ್ತು. 1979ರಿಂದ ಬಿಬಿಸಿ ಸ್ಕೆಚ್ ಶೋ, 1983ರಿಂದ ಬ್ಲ್ಯಾಕ್ಆಡರ್ ಅನ್ನೋ ಸೀರಿಯಲ್, ಅದ್ರಲ್ಲಿ ಪೂರ್ತಿ ಮಾತು, ಮಾತಿನಲ್ಲೇ ಚರ್ಮ ಸುಲಿಯೋ ಥರ. ನಮ್ಮೂರಲ್ಲಿ ಅದನ್ನ ನೋಡಿದವ್ರು ಎಷ್ಟು ಜನ ಇದ್ದಾರು? 1990ರ ಜನವರಿ 1ಕ್ಕೆ ಮಿಸ್ಟರ್ ಬೀನ್ ಶುರು. ಒಟ್ಟು ಬರೀ 15 ಎಪಿಸೋಡು ಮಾರಾಯ್ರೆ. ನಮ್ಮ ಒಂದು ಕನ್ನಡ ಸೀರಿಯಲ್ಲು ಮೂರು ವಾರದಲ್ಲಿ ಅಷ್ಟು ಓಡಿಸಿ ಬಿಸಾಡತ್ತೆ. ಆ 15 ಎಪಿಸೋಡು ಪ್ರಪಂಚ ಸುತ್ತಿ ಬಂತು, 1997ರ ಸಿನಿಮಾ 25 ಕೋಟಿ ಡಾಲರ್ ಆಸುಪಾಸು ದುಡ್ಡು ಮಾಡ್ತು, 2007ರಲ್ಲಿ ಇನ್ನೊಂದು. ಇದ್ರ ಜೊತೆಗೆ ಜಾನಿ ಇಂಗ್ಲಿಷ್ ಮೂರು ಸಿನಿಮಾ, ಆ ಪಾತ್ರ ಹುಟ್ಟಿದ್ದು ಒಂದು ಕ್ರೆಡಿಟ್ ಕಾರ್ಡ್ ಜಾಹೀರಾತಿಂದ.

ಈಗ ಕಾರ್ಟೂನ್ ಕಡೆ ಬನ್ನಿ. 2002ರಲ್ಲಿ ಮಿಸ್ಟರ್ ಬೀನ್ ಕಾರ್ಟೂನ್ ಆಯ್ತು, 2015ರಲ್ಲಿ ಮತ್ತೆ ಶುರು ಮಾಡಿದ್ರು. ಮಾತೇ ಆಡದ ಪಾತ್ರಕ್ಕೆ ಯಾರು ದನಿ ಕೊಟ್ರೆ ಏನು ಅಂತ ನೀವು ಕೇಳಬಹುದು, ನಾನೂ ಹಾಗೇ ಅಂದ್ಕೊಂಡಿದ್ದೆ. ಆದ್ರೆ ಆ ಮೂಗಲ್ಲಿ ಮುಲುಕೋದು, ಗಂಟಲಲ್ಲೇ ಗೊಣಗೋದು, ಟೆಡ್ಡಿ ಅನ್ನೋ ಒಂದೇ ಪದನ ಹತ್ತು ಥರ ಹೇಳೋದು, ಇದೆಲ್ಲಾ ಅಟ್ಕಿನ್ಸನ್ನೇ ಮಾಡ್ತಾನೆ. ಕೈಕಾಲು ಆಡಿಸೋದಕ್ಕೂ ಅವನೇ ಮೂಲ, ಅವನ ಚಲನೆ ನೋಡ್ಕೊಂಡೇ ಚಿತ್ರ ಬರೆದಿದ್ದು. 2021ರಲ್ಲಿ ಒಂದು ಸಂದರ್ಶನದಲ್ಲಿ ಆತ ಹೇಳಿದ್ದ, ಬೀನ್ ಪಾತ್ರನ ಮೈಯಲ್ಲಿ ಮಾಡೋಕೆ ತನಗೆ ಖುಷಿಯಿಲ್ಲ, ಟೆನ್ಷನ್ನು, ಸುಸ್ತು, ಬರೀ ದನೀಲಿ ಮಾಡೋದು ಸುಲಭ ಅಂತ. ಅವಾಗ ಅವನಿಗೆ 66ರ ಹತ್ರ ಹತ್ರ. ಕಾರಿನ ಮೇಲೆ ಸೋಫಾ ಕುರ್ಚಿ ಇಟ್ಟು ಕೂತು ಓಡಿಸೋ ವಯಸ್ಸಲ್ಲ ಅದು.

ಈ ಮಾತಲ್ಲೇ ವಿಷಯ ಇರೋದು. ಕಾಮಿಡಿಯನ್ ಅಂದ್ರೆ ಮೈ ಮತ್ತೆ ದನಿ ಎರಡೂ ಬಂಡವಾಳ. ಮೈಗೆ ವಯಸ್ಸಾಗತ್ತೆ, ಮಂಡಿ ಹೋಗತ್ತೆ, ಬೀಳೋ ಸೀನಲ್ಲಿ ಬಿದ್ರೆ ಏಳೋಕೆ ಇಬ್ರು ಬೇಕು. ದನಿ ಹಾಗಲ್ಲ, ಒಳ್ಳೇ ಕಾಡುಮಾವಿನ ಉಪ್ಪಿನಕಾಯಿ ಥರ, ಹಳೇದಾದಷ್ಟೂ ಒಂದು ಹದ ಬರತ್ತೆ. ಹಾಗಾಗಿ ಹಾಲಿವುಡ್ಡಲ್ಲಿ ಐವತ್ತು ದಾಟಿದ ಕಾಮಿಡಿಯನ್‌ಗಳಿಗೆ ಆನಿಮೇಷನ್ ಅನ್ನೋದು ಪೆನ್ಷನ್ ಇದ್ದ ಹಾಗೆ ಅಂತ ಕೆಲವರು ಹೇಳ್ತಾರೆ. ನಾನು ಅದನ್ನ ಪೂರ್ತಿ ಒಪ್ಪಲ್ಲ. ರಾಬಿನ್ ವಿಲಿಯಮ್ಸ್ 1992ರಲ್ಲಿ ಅಲಾದ್ದೀನ್‌ನ ಜೀನಿಗೆ ದನಿ ಕೊಟ್ಟಾಗ ಅವನ ಕೆರಿಯರ್ ಉರೀತಾ ಇತ್ತು, 41 ವಯಸ್ಸು. ಎಡ್ಡಿ ಮರ್ಫಿ 2001ರಲ್ಲಿ ಶ್ರೆಕ್‌ನ ಕತ್ತೆ ಆದಾಗ ನಲವತ್ತು, ಆ ಕತ್ತೆ ದನಿಗೆ ಬ್ರಿಟನ್ನಿನ ಬಾಫ್ಟಾದವ್ರು ಪೋಷಕ ನಟ ಅಂತ ನಾಮಿನೇಷನ್ ಕೊಟ್ರು. ಮುಖ ತೋರಿಸದೇ ನಟ ಅನ್ನಿಸ್ಕೊಂಡ.

ಇಲ್ಲಿ ಕೆಲಸ ಹೇಗೆ ನಡಿಯತ್ತೆ ಅನ್ನೋದು ಗೊತ್ತಿರ್ಬೇಕು. ಅವ್ರ ಕಡೆ ಆನಿಮೇಷನ್ನಲ್ಲಿ ದನಿ ಮೊದ್ಲು, ಚಿತ್ರ ಆಮೇಲೆ. ನಟ ಸ್ಟುಡಿಯೋಗೆ ಹೋಗಿ ಬರೆದಿದ್ದೂ ಓದ್ತಾನೆ, ಬರೀದೇ ಇದ್ದಿದ್ದೂ ಹೊಡೀತಾನೆ, ವಿಲಿಯಮ್ಸ್ ಅಂತೂ ಗಂಟೆಗಟ್ಲೆ ತಲೆಗೆ ಬಂದಿದ್ದೆಲ್ಲಾ ಹೇಳಿ ಹೋಗ್ತಿದ್ದ, ಅದನ್ನ ಕೇಳಿಸ್ಕೊಂಡು ಚಿತ್ರ ಬರೆಯೋರು ಜೀನಿ ಮುಖನ ಬದಲಾಯಿಸ್ಕೊಂಡು ಹೋದ್ರು. ಅಂದ್ರೆ ಅಲ್ಲಿ ಕಾಮಿಡಿಯನ್ನೇ ಅರ್ಧ ಬರಹಗಾರ. ಡಬ್ಬಿಂಗ್ ಇದಕ್ಕೆ ಪೂರ್ತಿ ಉಲ್ಟಾ. ಬಾಯಿ ಆಗ್ಲೇ ಆಡ್ಬಿಟ್ಟಿದೆ, ನೀವು ಅದ್ರೊಳಗೆ ಮಾತು ತುರುಕ್ಬೇಕು. ಅವ್ರ ಎರಡು ಅಕ್ಷರದ ಮಾತು ಕನ್ನಡಕ್ಕೆ ಬಂದ್ರೆ ನಾಲ್ಕೈದು ಅಕ್ಷರ ಆಗತ್ತೆ, ಎಲ್ಲಿ ಪ, ಬ, ಮ ಬರತ್ತೋ ಅಲ್ಲಿ ತುಟಿ ಮುಚ್ಚಿರ್ಲೇಬೇಕು, ಪರದೆ ಮೇಲೆ ತುಟಿ ತೆರ್ದಿದ್ದಾಗ "ಮಗಾ" ಅಂದ್ರೆ ಎದ್ದು ಕಾಣತ್ತೆ. ಬೇರೆಯೋನ ಅಳತೆಗೆ ಹೊಲಿದ ಕುಪ್ಯ, ಅಂದ್ರೆ ಕೊಡವರ ಉದ್ದ ಕೋಟು, ಹಾಕ್ಕೊಂಡು ವಾಲಗಕ್ಕೆ ಕುಣಿಯೋ ಕಷ್ಟ ಅದು. ಮಂಗಟ್ಟೆ ಪಾತ್ರಕ್ಕೆ ಆ ತಾಪತ್ರಯ ಕಮ್ಮಿ, ಕೊಕ್ಕಿಗೆ ತುಟಿ ಇಲ್ವಲ್ಲ.

ನಮ್ಮ ಊರಲ್ಲಿ ಇದು ಹೊಸ ವಿದ್ಯೆ ಅಂತ ಯಾರಾದ್ರೂ ಹೇಳಿದ್ರೆ ನಗು ಬರತ್ತೆ. ಮಡಿಕೇರಿ ದಸರಾದ ದಶಮಂಟಪ ನೋಡಿದವ್ರಿಗೆ ಗೊತ್ತು. ವಿಜಯದಶಮಿ ರಾತ್ರಿ ಹತ್ತು ದೇವಸ್ಥಾನದ ಮಂಟಪ ಹೊರಡತ್ತೆ, ಒಂದೊಂದ್ರಲ್ಲೂ ಆಳೆತ್ತರ ಮೀರಿದ ಗೊಂಬೆಗಳು, ಅಸುರ ಎದ್ದು ನಿಲ್ತಾನೆ, ಕೈ ಎತ್ತುತ್ತಾನೆ, ಬಾಯಿ ತೆಗೀತಾನೆ, ಸ್ಪೀಕರಿಂದ ಮೊದಲೇ ರೆಕಾರ್ಡ್ ಮಾಡಿಟ್ಟ ಘರ್ಜನೆ ಬರತ್ತೆ. ಆ ಬಾಯಿ ತೆರೆಯೋದಕ್ಕೂ ದನಿ ಬರೋದಕ್ಕೂ ಒಂದು ಸೆಕೆಂಡ್ ಆಚೀಚೆ ಆಯ್ತು ಅಂದ್ರೆ ರಸ್ತೆ ಬದಿ ಚಳೀಲಿ ನಿಂತ ಜನ "ಹೋ" ಅಂತ ಕೂಗ್ತಾರೆ. ಗೊಂಬೆಗೆ ದನಿ ಕೂರಿಸೋದು, ಟೈಮಿಂಗ್ ಹಿಡಿಯೋದು, ಇದು ಆನಿಮೇಷನ್ ವಾಯ್ಸ್ ಅಲ್ದೆ ಮತ್ತೇನು? ಹಾಲಿವುಡ್ ಅಂದ ತಕ್ಷಣ ನಾವು ಬೆರಗಾಗ್ತೀವಿ, ಅಷ್ಟೆ.

ಈಗ ಪಕ್ಕದ ಮನೆ ನೋಡೋಣ. 2019ರಲ್ಲಿ ಲಯನ್ ಕಿಂಗ್ ಹೊಸದಾಗಿ ಬಂತಲ್ಲ, ಆವಾಗ ತೆಲುಗಿನವ್ರು ಪುಂಬಾ ಅನ್ನೋ ಕಾಡುಹಂದಿಗೆ ಬ್ರಹ್ಮಾನಂದಂ, ಅದ್ರ ಗೆಳೆಯ ಟಿಮೋನ್‌ಗೆ ಅಲಿ ಹಾಕಿದ್ರು. ತಮಿಳಲ್ಲಿ ರೋಬೋ ಶಂಕರ್, ಸಿಂಗಂಪುಲಿ. ಹಿಂದೀಲಿ ಝಾಝುಗೆ ಅಸ್ರಾನಿ, ಪುಂಬಾಗೆ ಸಂಜಯ್ ಮಿಶ್ರಾ, ಟಿಮೋನ್‌ಗೆ ಶ್ರೇಯಸ್ ತಲ್ಪಡೆ, ಅದೂ ಮುಂಬೈ ಟಪೋರಿ ಭಾಷೇಲಿ. ಎಷ್ಟು ಚೆಂದ ಲೆಕ್ಕಾಚಾರ ನೋಡಿ, ಜನಕ್ಕೆ ದನಿ ಆಗ್ಲೇ ಗೊತ್ತು, ಬ್ರಹ್ಮಾನಂದಂ ಬಾಯಿ ಬಿಟ್ರೆ ಹಂದಿ ಮುಖ ಕಾಣೋ ಮೊದ್ಲೇ ಥಿಯೇಟರ್ ನಗತ್ತೆ. ಅಂದ್ರೆ ಅಲ್ಲಿನ ಕಾಮಿಡಿಯನ್‌ನ ಮೂವತ್ತು ವರ್ಷದ ದುಡಿಮೆ ಇನ್ನೊಂದು ಕಡೆ ಬಡ್ಡಿ ಕೊಡ್ತು.

ಕನ್ನಡದಲ್ಲಿ? ಬರ್ಲೇ ಇಲ್ಲ. 2024ರ ಮುಫಾಸಾನೂ ಇಂಗ್ಲಿಷ್, ಹಿಂದಿ, ತಮಿಳು, ತೆಲುಗು ಅಷ್ಟೆ. ಕುಶಾಲನಗರದ ಮಗು ಹಿಂದೀಲೋ ಇಂಗ್ಲಿಷಲ್ಲೋ ನೋಡ್ಕೋಬೇಕು.

ಕಾರಣ ಎಲ್ಲರಿಗೂ ಗೊತ್ತಿರೋದೇ, ಆದ್ರೂ ಬಿಡಿಸಿ ಹೇಳ್ತೀನಿ. 1960ರ ದಶಕದಲ್ಲಿ ಕನ್ನಡ ಸಿನಿಮಾ ಇನ್ನೂ ಮದ್ರಾಸಿನ ಸ್ಟುಡಿಯೋಗಳಲ್ಲೇ ತಯಾರಾಗ್ತಿತ್ತು, ಬೇರೆ ಭಾಷೆ ಸಿನಿಮಾಗಳು ಡಬ್ ಆಗಿ ಅಗ್ಗಕ್ಕೆ ಬಂದು ಬಿದ್ರೆ ನಮ್ಮ ನಟ, ಟೆಕ್ನಿಷಿಯನ್‌ಗೆ ಅನ್ನ ಇರ್ತಿರ್ಲಿಲ್ಲ. ಅದಕ್ಕೆ ಚಳವಳಿ ಆಯ್ತು, ಅ.ನ.ಕೃ ಥರದ ಸಾಹಿತಿಗಳು, ರಾಜ್‌ಕುಮಾರ್ ಎಲ್ಲ ನಿಂತ್ರು, ಡಬ್ಬಿಂಗ್ ನಿಂತೋಯ್ತು. ಕಾನೂನಲ್ಲಿ ಬ್ಯಾನ್ ಅಂತ ಎಂದೂ ಇರ್ಲಿಲ್ಲ, ಚಿತ್ರರಂಗದ ಒಪ್ಪಂದ ಅದು. ಅವತ್ತಿನ ಭಯ ಸುಳ್ಳು ಅಂತ ನಾನು ಹೇಳಲ್ಲ, ಇವತ್ತು ಕನ್ನಡ ಚಿತ್ರರಂಗ ಅಂತ ಒಂದು ನಿಂತಿದ್ರೆ ಅದಕ್ಕೆ ಆ ಬೇಲೀನೂ ಒಂದು ಕಾರಣ. ತೊಂದರೆ ಏನಾಯ್ತು ಅಂದ್ರೆ ಬೇಲಿ ಹಾಕಿದ ಗಿಡ ಮರ ಆದ್ಮೇಲೂ ಬೇಲಿ ತೆಗೀಲಿಲ್ಲ. 2012ರಲ್ಲಿ ಸತ್ಯಮೇವ ಜಯತೆ ಟಿವಿ ಶೋ ಕೂಡ ಕನ್ನಡಕ್ಕೆ ಬರೋಕೆ ಬಿಡ್ಲಿಲ್ಲ. ಕನ್ನಡ ಗ್ರಾಹಕರ ಕೂಟ ದೂರು ಕೊಟ್ಟು, 2015ರಲ್ಲಿ ಸ್ಪರ್ಧಾ ಆಯೋಗ ಫಿಲ್ಮ್ ಚೇಂಬರ್ ಮತ್ತೆ ಬೇರೆಯವ್ರಿಗೆ ದಂಡ ಹಾಕಿದ ಮೇಲೆ ಗೇಟು ಕಿರ್ರ್ ಅಂತ ತೆರ್ಕೊಳ್ತು. 2017ರಲ್ಲಿ ಸತ್ಯದೇವ್ ಐಪಿಎಸ್ ಅಂತ ಒಂದು ತಮಿಳು ಸಿನಿಮಾ ಕನ್ನಡಕ್ಕೆ ಡಬ್ ಆಗಿ ಬಂತು. 2020ರ ಲಾಕ್‌ಡೌನಲ್ಲಿ ಮಹಾಭಾರತ ಸೀರಿಯಲ್ ಕನ್ನಡದಲ್ಲಿ ಬಂದಾಗ ನಮ್ಮ ಮನೇಲಿ ಅಜ್ಜಿ ಸಮೇತ ಎಲ್ಲ ನೋಡಿದ್ವು. 2022ರಲ್ಲಿ ಅವತಾರ್ ಎರಡನೇದು ಕನ್ನಡದಲ್ಲೂ ಬಂತು.

ಹಾಗಾದ್ರೆ ಈಗ ಸಮಸ್ಯೆ ಮುಗೀತಲ್ಲ ಅಂದ್ರೆ, ಇಲ್ಲ. ಐವತ್ತು ವರ್ಷ ಒಂದು ಕಸುಬು ನಿಂತೋದ್ರೆ ಬರೀ ಸಿನಿಮಾ ಹೋಗಲ್ಲ, ಆ ಕಸುಬು ಕಲಿಸೋರು ಹೋಗ್ತಾರೆ. ತಮಿಳಲ್ಲಿ, ತೆಲುಗಲ್ಲಿ ತುಟಿ ಅಳತೆಗೆ ಮಾತು ಬರೆಯೋರು ತಲೆಮಾರಿಂದ ಇದ್ದಾರೆ. ನಮ್ಮಲ್ಲಿ ಬೇರೆ ರಾಜ್ಯದ ಹೀರೋಯಿನ್‌ಗೆ ದನಿ ಕೊಡೋರು ಇದ್ರು, 2009ರಲ್ಲಿ ಚಿಂಟು ಟಿವಿ ಬಂದ ಮೇಲೆ ಕಾರ್ಟೂನ್‌ಗೆ ಕನ್ನಡ ಮಾತಾಡ್ಸೋರು ಒಂದಿಷ್ಟು ಜನ ತಯಾರಾದ್ರು. ಅವ್ರ ಕೆಲಸ ಚೆನ್ನಾಗೇ ಇತ್ತು, ನನ್ನ ತಂಗಿ ಒಳ್ಳೇ ಗ್ರಾಂಥಿಕ ಕನ್ನಡ ಮಾತಾಡೋಕೆ ಕಲ್ತಿದ್ದೇ ಅದ್ರಿಂದ, ಅಂಗಡಿಗೆ ಹೋಗಿ "ದಯವಿಟ್ಟು ಎರಡು ಮಿಠಾಯಿ ಕೊಡಿ" ಅಂತಿದ್ಲು, ಅಂಗಡಿಯಣ್ಣ ಬಿದ್ದು ಬಿದ್ದು ನಗ್ತಿದ್ದ. ಆದ್ರೆ ದೊಡ್ಡ ಕಾಮಿಡಿಯನ್‌ಗಳನ್ನ ಅಲ್ಲಿಗೆ ಯಾರೂ ಕರೀಲಿಲ್ಲ. ಕಾರ್ಟೂನ್ ಅಂದ್ರೆ ಮಕ್ಳಾಟ, ಕಮ್ಮಿ ದುಡ್ಡು, ಅಷ್ಟೇ ಆಗಿ ಉಳೀತು.

ನಾನು ಕೆಲವು ಸಲ ಸುಮ್ನೆ ಕೂತು ಪಾತ್ರ ಹಂಚ್ತಾ ಇರ್ತೀನಿ. ನರಸಿಂಹರಾಜು ಅವ್ರಿಗೆ ಒಂದು ಅಳಿಲು, ಆ ಅವಸರ, ಆ ಕೀಚಲು. ಮುಸುರಿ ಕೃಷ್ಣಮೂರ್ತಿ ಅವ್ರ ದನಿಗೆ ಮುದಿ ಆಮೆ. ದೊಡ್ಡಣ್ಣ ಕರಡಿ, ಅದ್ರಲ್ಲಿ ಎರಡು ಮಾತಿಲ್ಲ. ಉಮಾಶ್ರೀ ಮೇಡಂ ಬಾಯಿಗೆ ಕೋಳಿ ಹಟ್ಟಿ ಇಡೀ ಕೊಟ್ರೂ ನಡೆಸ್ತಾರೆ. ರಂಗಾಯಣ ರಘು ಅವ್ರ ಗರಗಸ ಹಾಕಿದ ಹಾಗಿರೋ ದನಿ ಇದ್ಯಲ್ಲ, ನಾಟಕದಲ್ಲಿ ಪಳಗಿದ್ದು, ಅದು ಪುಂಬಾಗೆ ಹೇಳಿ ಮಾಡ್ಸಿದ್ದು, ಪಕ್ಕದಲ್ಲಿ ಟಿಮೋನ್ ಆಗಿ ಸಾಧು ಕೋಕಿಲ ಇದ್ರೆ ಡೈಲಾಗ್ ಬರೆಯೋರೇ ಬೇಡ. ಝಾಝುಗೆ ಮಾತ್ರ ನಂಗೆ ಇನ್ನೂ ಯಾರೂ ಹೊಳೀತಿಲ್ಲ. ನಮ್ಮ ತೋಟದ ಮಂಗಟ್ಟೆ ದನಿ ಕೇಳಿದ್ದೀರಾ, ಸಿಲ್ವರ್ ಮರದ ಮೇಲಿಂದ ಯಾರೋ ಗಹಗಹಿಸಿ ನಮ್ಮನ್ನೇ ಆಡ್ಕೊಂಡು ನಕ್ಕ ಹಾಗಿರತ್ತೆ, ಆ ಥರದ್ದು ಬೇಕು. ಈ ಪಟ್ಟೀಲಿ ಮೊದಲಿಬ್ರು ಈಗಿಲ್ಲ, ಪಟ್ಟೀಲಿ ಇರ್ಬೇಕಾಗಿದ್ದ ಇನ್ನಿಬ್ರೂ ಇಲ್ಲ. 2024ರಲ್ಲಿ ದ್ವಾರಕೀಶ್ ಹೋದ್ರು, 2025ರಲ್ಲಿ ಬ್ಯಾಂಕ್ ಜನಾರ್ದನ್. ಅವ್ರ ದನಿ ಇರೋದು ಹಳೇ ಸಿನಿಮಾದ ಸೌಂಡ್ ಟ್ರ್ಯಾಕಲ್ಲಿ ಮಾತ್ರ.

ಮತ್ತೆ ಈ ಹಳೇ ಸೌಂಡ್ ಟ್ರ್ಯಾಕೇ ಈಗ ಚಿನ್ನದ ಗಣಿ ಆಗ್ಬಿಟ್ಟಿದೆ. ಸ್ವಲ್ಪ ಹೊತ್ತಿನ ರೆಕಾರ್ಡಿಂಗ್ ಸಿಕ್ರೆ ಸಾಕು, ಎಐ ಅದೇ ದನೀಲಿ ಬೇಕಾದ್ದು ಹೇಳ್ಸತ್ತೆ. ನಮ್ಮಲ್ಲಿ ಕೆಲವ್ರು ಇದನ್ನ ಮಿಮಿಕ್ರಿ ಇದ್ದ ಹಾಗೆ ಅಂದ್ಕೋತಾರೆ. ಅಲ್ಲ ಸ್ವಾಮಿ. ವಜ್ರಮುನಿ ದನಿ ಮಾಡೋ ಮಿಮಿಕ್ರಿ ಕಲಾವಿದ ಸ್ಟೇಜ್ ಮೇಲೆ ನಿಂತಿರ್ತಾನೆ, ಇದು ಅವನ ಗಂಟಲು ಅಂತ ಎಲ್ಲರಿಗೂ ಗೊತ್ತು, ಗೊತ್ತಿರೋದೇ ಮಜಾ. ಎಐ ದನಿಗೆ ಗಂಟಲಿಲ್ಲ, ದುಡ್ಡು ಯಾರಿಗೆ ಹೋಗ್ಬೇಕು ಅನ್ನೋದಕ್ಕೆ ವಿಳಾಸವೂ ಇಲ್ಲ.

ಈ ವಿಷಯದಲ್ಲಿ ರಾಬಿನ್ ವಿಲಿಯಮ್ಸ್ ಎಷ್ಟು ಮುಂದೆ ಯೋಚ್ನೆ ಮಾಡಿದ್ದ ಅಂತ ನೋಡಿದ್ರೆ ಆಶ್ಚರ್ಯ ಆಗತ್ತೆ. ಅಲಾದ್ದೀನ್‌ಗೆ ಆತ ತಗೊಂಡಿದ್ದು ಬರೀ 75 ಸಾವಿರ ಡಾಲರ್, ಆಗ ಅವನ ರೇಟು ಸಿನಿಮಾಗೆ 80 ಲಕ್ಷ ಡಾಲರ್ ಇತ್ತು. ಕಮ್ಮಿ ತಗೊಂಡು ಕಂಡೀಷನ್ ಹಾಕಿದ್ದ, ನನ್ನ ದನಿ ಆಟಿಕೆ, ಬರ್ಗರ್ ಮಾರೋಕೆ ಬಳಸ್ಬಾರ್ದು ಅಂತ. ಡಿಸ್ನಿ ಮಾತು ತಪ್ಪಿತು ಅಂತ ಜಗಳ ಆಯ್ತು, ಎರಡನೇ ಭಾಗಕ್ಕೆ ಆತ ಬರ್ಲೇ ಇಲ್ಲ, ಬೇರೆಯೋನು ದನಿ ಕೊಟ್ಟ. ಡಿಸ್ನಿ ಒಂದು ಪಿಕಾಸೋ ಪೇಂಟಿಂಗ್ ಕಳ್ಸಿದ್ರೂ ಸಿಟ್ಟು ಇಳೀಲಿಲ್ಲ, ಮೇಲಿನವ್ರು ಬದಲಾಗಿ ಬಹಿರಂಗವಾಗಿ ಕ್ಷಮೆ ಕೇಳಿದ ಮೇಲೇ 1996ರ ಮೂರನೇ ಭಾಗಕ್ಕೆ ಬಂದಿದ್ದು. 2014ರಲ್ಲಿ ತೀರಿಕೊಂಡಾಗ ಅವನ ಟ್ರಸ್ಟ್ ಪತ್ರದಲ್ಲಿ ಇದ್ದಿದ್ದು ಏನಂದ್ರೆ ತನ್ನ ರೂಪನ 2039ರವರೆಗೆ ಜಾಹೀರಾತು, ಸಿನಿಮಾ ಯಾವುದ್ರಲ್ಲೂ ಮರುಸೃಷ್ಟಿ ಮಾಡಿ ಬಳಸೋ ಹಾಗಿಲ್ಲ. ಅಷ್ಟಿದ್ರೂ 2025ರಲ್ಲಿ ಅವನ ಮಗಳು, ದಯವಿಟ್ಟು ನಮ್ಮಪ್ಪನ ಎಐ ವೀಡಿಯೋ ನಂಗೆ ಕಳಿಸ್ಬೇಡಿ ಅಂತ ಜನಕ್ಕೆ ಕೈ ಮುಗಿಯೋ ಪರಿಸ್ಥಿತಿ ಬಂತು.

2023ರಲ್ಲಿ ಹಾಲಿವುಡ್ ನಟರು 118 ದಿನ ಮುಷ್ಕರ ಮಾಡಿದ್ರು, ಎಐ ಕಾಪಿಗೆ ಒಪ್ಪಿಗೆ ಮತ್ತೆ ದುಡ್ಡು ಬೇಕು ಅನ್ನೋದು ಅದ್ರ ದೊಡ್ಡ ಬೇಡಿಕೆಗಳಲ್ಲೊಂದು. ನಮ್ಮ ದೇಶದಲ್ಲಿ ಅದೇ ವರ್ಷ ದೆಹಲಿ ಹೈಕೋರ್ಟು ಅನಿಲ್ ಕಪೂರ್‌ಗೆ ರಕ್ಷಣೆ ಕೊಡ್ತು, ಹೆಸ್ರು, ಮುಖ, ದನಿ, ಆ "ಝಕ್ಕಾಸ್" ಅನ್ನೋ ಮಾತಿಗೂ ಸೇರಿಸಿ. 2024ರಲ್ಲಿ ಬಾಂಬೆ ಹೈಕೋರ್ಟು ಗಾಯಕ ಅರಿಜಿತ್ ಸಿಂಗ್ ಕೇಸಲ್ಲಿ, ಕೇಳದೆ ದನಿ ಕ್ಲೋನ್ ಮಾಡೋದು ಹಕ್ಕಿನ ಉಲ್ಲಂಘನೆ ಅಂತು. ಒಳ್ಳೇದೇ, ಆದ್ರೆ ಹೈಕೋರ್ಟಿಗೆ ಹೋಗೋಕೆ ಅನಿಲ್ ಕಪೂರ್ ಆಗಿರ್ಬೇಕು. ದಿನದ ಕಾಲ್‌ಶೀಟಲ್ಲಿ ದುಡಿಯೋ ಹಾಸ್ಯ ನಟ ಯಾವ ವಕೀಲನ್ನ ಇಡ್ತಾನೆ?

ನಂಗೆ ಸಿಟ್ಟು ಬರೋದು ಎಲ್ಲಿ ಅಂದ್ರೆ, ಮಾರ್ಕೆಟ್ ಈಗಷ್ಟೇ ತೆರೀತಾ ಇದೆ. 2025ರ ಜುಲೈನಲ್ಲಿ ಮಹಾವತಾರ್ ನರಸಿಂಹ ಬಂತು, ಪೂರ್ತಿ ಆನಿಮೇಷನ್, ಹೊಂಬಾಳೆಯವ್ರು ಅರ್ಪಿಸಿದ್ದು, ಕನ್ನಡದಲ್ಲೂ ಬಂತು, ಸ್ಟಾರ್ ಇಲ್ಲದೇ ಜನ ಥಿಯೇಟರಿಗೆ ಸಂಸಾರ ಸಮೇತ ಹೋದ್ರು. ಅಂದ್ರೆ ಗೊಂಬೆ ಸಿನಿಮಾಗೆ ಕನ್ನಡಿಗ ದುಡ್ಡು ಕೊಡ್ತಾನೆ ಅಂತ ಸಾಬೀತಾಯ್ತು. ಈಗ ನಮ್ಮ ಕಾಮಿಡಿಯನ್‌ಗಳನ್ನ ಮೈಕ್ ಮುಂದೆ ನಿಲ್ಲಿಸೋ ಹೊತ್ತು, ಅಷ್ಟರಲ್ಲಿ ಮೈಕೇ ಬೇಡ ಅನ್ನೋ ಸಾಫ್ಟ್‌ವೇರ್ ಬಾಗಿಲಲ್ಲಿ ಬಂದು ನಿಂತಿದೆ. ಮೊದಲ ಸುಗ್ಗಿಗೆ ಗೇಟು ಮುಚ್ಚಿತ್ತು, ಎರಡನೇ ಸುಗ್ಗಿಗೆ ಕೊಯ್ಲಿಗೆ ಮೆಷೀನ್ ಬಂತು, ಮಧ್ಯೆ ಆಳಿಗೆ ಒಂದು ದಿನದ ಕೂಲೀನೂ ಹುಟ್ಟಲಿಲ್ಲ.

ಎಐ ಪೂರ್ತಿ ಕೆಟ್ಟದ್ದು ಅಂತಲೂ ಅಲ್ಲ. ಕೊಡವ ತಕ್ಕ್ ಮಾತಾಡೋರು 2011ರ ಜನಗಣತಿ ಪ್ರಕಾರ 1,13,857 ಜನ. ಆ ಭಾಷೇಲಿ ಮೊದಲ ಸಿನಿಮಾ, ನಾಡ ಮಣ್ಣ್ ನಾಡ ಕೂಳ್, 1972ರಲ್ಲೇ ಬಂದಿದೆ, ಆದ್ರೆ ಅಷ್ಟು ಜನಕ್ಕೋಸ್ಕರ ಯಾವ ಡಿಸ್ನಿ ಸ್ಟುಡಿಯೋ ಬುಕ್ ಮಾಡತ್ತೆ? ಅರೆಭಾಷೆ ಕಥೇನೂ ಅದೇ. ಮಷೀನಿಂದ ಖರ್ಚು ಇಳಿದು, ಝಾಝು ನಮ್ಮಜ್ಜಿ ಭಾಷೇಲೇ ಬೈಯೋ ಹಾಗಾದ್ರೆ ನಾನೇ ಮೊದಲು ಟಿಕೆಟ್ ತಗೋತೀನಿ. ಆದ್ರೆ ಯಾರೋ ಒಬ್ರು ಅಜ್ಜಿ ಥರ ಬೈಯೋರು ಮೊದ್ಲು ಮೈಕ್ ಮುಂದೆ ಬೈದಿರ್ಬೇಕಲ್ಲ, ಅವ್ರಿಗೆ ಹೇಳಿ, ಕೇಳಿ, ದುಡ್ಡು ಕೊಟ್ಟು ಬೈಯಿಸ್ಕೊಂಡಿರ್ಬೇಕು. ಬೈಗುಳದ ಟೈಮಿಂಗ್ ಡಿಕ್ಷನರೀಲಿ ಇರಲ್ಲ.

ನನ್ನ ದೋಸ್ತ್ ಒಬ್ಬ ಇದ್ದಾನೆ, ಎಷ್ಟೋ ವರ್ಷದಿಂದ ಮಂಟಪದ ಅಸುರರಿಗೆ ದನಿ ಕೊಡ್ತಾನೆ, ದಿನಾ ನೋಡಿದ್ರೆ ಹಾರ್ಡ್‌ವೇರ್ ಅಂಗಡಿ. ಹೋದ ದಸರಾಕ್ಕೆ ಅವನಿಗೆ ಕರೆ ಬರ್ಲಿಲ್ಲ, ಯಾರೋ ಹುಡುಗ ಲ್ಯಾಪ್‌ಟಾಪಲ್ಲೇ ಅಸುರನ ಡೈಲಾಗೆಲ್ಲ ಮಾಡಿದ್ದಾನೆ ಅಂತ ಗೊತ್ತಾಯ್ತು, ಬೇಜಾರಾಗಿದ್ದ. ಹಬ್ಬಕ್ಕೆ ನಾಲ್ಕು ದಿನ ಇದೆ ಅನ್ನುವಾಗ ರಾತ್ರಿ ಹನ್ನೊಂದಕ್ಕೆ ಫೋನು. "ಅಣ್ಣ, ಮಾತೆಲ್ಲ ಸರಿ ಬಂದಿದೆ, ಅಟ್ಟಹಾಸ ಒಂದು ಕೂರ್ತಾ ಇಲ್ಲ. ಬಂದು ಬರೀ ನಕ್ಕು ಹೋಗ್ತೀರಾ?" ಇವನು ಹೋಗಿ ನಕ್ಕು ಬಂದ, ಮೂರು ಟೇಕಂತೆ. ಮಾರನೇ ದಿನ ಅಂಗಡೀಲಿ ಮೊಳೆ ತೂಗ್ತಾ ನನ್ನ ಕೇಳ್ದ, "ಅಲ್ಲ ಮಾರಾಯ, ಡೈಲಾಗಿಗೆ ಇಷ್ಟು ಅಂತ ರೇಟಿತ್ತು. ನಗೋದಕ್ಕೆ ಎಷ್ಟು ಕೇಳ್ಬೇಕು?"